ಹಳೆಯ ಬ್ರಷ್ಷಿಗೆ ಜೀರ್ಣೋದ್ಧಾರವೇ?

ಹಿರಿಯರು ಬಿಟ್ಟುಹೋದ ವಸ್ತುಗಳೆಲ್ಲವೂ ಹಿರಿಯರು ಬಿಟ್ಟುಹೋದ ಧರ್ಮವಲ್ಲ. ಈ ಮಾತನ್ನು ಒಪ್ಪದ ಶ್ರಾವಕರಿಲ್ಲ. ಆದರೆ ಅಜ್ಜನ ಪೆಟ್ಟಿಗೆಯನ್ನು ತೆರೆದು ಕುಳಿತ ಗಳಿಗೆಯಲ್ಲಿ ಇದನ್ನು ನೆನೆಯುವವರು ವಿರಳ.

ತುಂಗಭದ್ರೆಯ ಹಿನ್ನೀರಿನ ಸೀಮೆಯ ಹಂಪಸಾಗರದಲ್ಲಿ ಶ್ರಾವಕರ ಒಂದು ಹಳೆಯ ಮನೆಯಿದೆಯೆಂದು ಭಾವಿಸಬಹುದು. ಮನೆಯ ಯಜಮಾನರು ತೀರಿಕೊಂಡು ವರ್ಷ ಕಳೆದಿದೆ. ಅಟ್ಟದ ಮೇಲಿದ್ದ ಟ್ರಂಕು ಕೆಳಗಿಳಿದಿದೆ. ಅದರಲ್ಲಿ ಒಂದು ಕನ್ನಡಕ, ಕೆಲವು ಹಳೆಯ ಕಾಗದಪತ್ರ, ದಾರ ಜೀರ್ಣವಾದ ಒಂದು ಜಪಮಾಲೆ. ಅವುಗಳ ಮಗ್ಗುಲಲ್ಲಿಯೇ ಒಂದು ಹಿತ್ತಾಳೆಯ ಬಟ್ಟಲು ಮತ್ತು ಗಡ್ಡಕ್ಕೆ ಸಾಬೂನು ಹಚ್ಚುವ ಬ್ರಷ್ಷು. ಬ್ರಷ್ಷಿನ ಹಿಡಿ ಹಳದಿಗಟ್ಟಿದೆ; ಕುಚ್ಚಿನ ಅರ್ಧದಷ್ಟು ಕೂದಲು ಉದುರಿದೆ. ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಮೊಮ್ಮಗನಿಗೆ ಅದನ್ನು ಕಂಡು ಸಂಭ್ರಮ. ಹೊಸ ಕುಚ್ಚು ಕಟ್ಟಿಸಿದರೆ ಇನ್ನೂ ಐವತ್ತು ವರ್ಷ ಬಾಳುವ ವಸ್ತುವಿದು, ಅಜ್ಜನ ಕೈಯಾಡಿದ ವಸ್ತು, ದಿನವೂ ಬಳಸುವೆನು ಎಂದು ಅವನ ವಾದ. ಅವನ ತಾಯಿಗೆ ಅದನ್ನು ಮುಟ್ಟಲೂ ಅಸಹ್ಯ. ಹೊರಗೆ ಎಸೆದು ಸ್ನಾನ ಮಾಡಿ ಬಾ ಎಂಬುದು ಆಕೆಯ ತೀರ್ಪು. ಇಂಥ ಮನೆ ಒಂದಲ್ಲ. ಹಳೆಯ ಪೆಟ್ಟಿಗೆಗಳಿರುವ ಊರುಗಳಲ್ಲೆಲ್ಲ ಇಂಥ ಮನೆಗಳಿವೆ.

ಹೊರನೋಟಕ್ಕೆ ಇದು ಕ್ಷುಲ್ಲಕ ಪ್ರಶ್ನೆ. ಅಂಗೈಯಗಲದ ಒಂದು ವಸ್ತುವಿಗಾಗಿ ಶಾಸ್ತ್ರವನ್ನು ಬಿಚ್ಚಬೇಕೆ ಎಂದು ನಗುವವರಿದ್ದಾರೆ. ಆದರೆ ಅಣುವ್ರತವೆಂಬ ಹೆಸರೇ ಸೂಚಿಸುವಂತೆ ಗೃಹಸ್ಥನ ಧರ್ಮ ನಡೆಯುವುದು ಸಣ್ಣ ವಸ್ತುಗಳ ನಡುವೆಯೇ. ಆನೆ ಕುದುರೆಗಳ ವಿಷಯದಲ್ಲಿ ಅಹಿಂಸೆಯನ್ನು ಪಾಲಿಸುವ ಪ್ರಸಂಗ ಇಂದಿನ ಶ್ರಾವಕನಿಗೆ ಒದಗುವುದು ಅಪರೂಪ. ಬಚ್ಚಲುಮನೆಯ ಗೂಡಿನಲ್ಲಿ ಅದು ಪ್ರತಿದಿನವೂ ಒದಗುತ್ತದೆ.

ಕುಚ್ಚಿನ ಕುಲಗೋತ್ರ

ಮೊದಲು ವಸ್ತುವನ್ನು ಅರಿಯಬೇಕು. ಹಳೆಯ ಕಾಲದ ಕ್ಷೌರದ ಬ್ರಷ್ಷುಗಳಲ್ಲಿ ಸಾಮಾನ್ಯವಾಗಿ ಮೂರು ಬಗೆಯ ಪ್ರಾಣಿಗಳ ಕೂದಲು ಕಾಣುತ್ತದೆ: ಬ್ಯಾಜರ್, ಹಂದಿ ಮತ್ತು ಕುದುರೆ.

ಬ್ಯಾಜರ್ ಎಂಬುದು ಬಿಲ ತೋಡಿ ಬದುಕುವ, ಇರುಳು ಸಂಚರಿಸುವ ಕಾಡುಪ್ರಾಣಿ. ಭಾರತದ ತರಕರಡಿಯ ದೂರದ ಬಳಗ. ಬೆಲೆಬಾಳುವ ಬ್ರಷ್ಷುಗಳಿಗೆ ಇದರ ಕೂದಲೇ ಬೇಕೆಂಬ ಶೋಕಿ ಯುರೋಪಿನಲ್ಲಿ ಬಹುಕಾಲದಿಂದ ಇದೆ. ಇಂದು ಆ ಕೂದಲು ಬಹುಪಾಲು ಬರುವುದು ಚೀನಾದಿಂದ. ಕುರಿಯ ಉಣ್ಣೆಯನ್ನು ಕತ್ತರಿಸಿ ಕುರಿಯನ್ನು ಬಿಟ್ಟುಬಿಡುವಂತೆ ಇಲ್ಲಿ ಬಿಡುವ ಪದ್ಧತಿಯಿಲ್ಲ. ಕೂದಲು ಬರುವುದು ಸುಲಿದ ಚರ್ಮದಿಂದ. ಹಂದಿಯ ಬಿರುಗೂದಲಿನ ವ್ಯಾಪಾರಕ್ಕೆ ಭಾರತದಲ್ಲಿಯೇ ಕಾನ್ಪುರ ಹೆಸರಾದ ಪಟ್ಟಣ. ಕೊಂದ ಹಂದಿಯ ಮೈಯಿಂದ ಅದನ್ನು ತೆಗೆಯುವುದುಂಟು. ಬದುಕಿರುವ ಹಂದಿಯನ್ನು ಕಟ್ಟಿಹಾಕಿ ಕಿತ್ತುಕೊಳ್ಳುವುದೂ ಉಂಟು. ಕುದುರೆಯ ಬಾಲ ಮತ್ತು ಕೇಸರದ ಕೂದಲನ್ನು ಮಾತ್ರ ಪ್ರಾಣಿಗೆ ನೋವಾಗದಂತೆ ಕತ್ತರಿಸಿಕೊಳ್ಳಬಹುದು. ಆದರೆ ಟ್ರಂಕಿನೊಳಗಿನ ಬ್ರಷ್ಷು ತನ್ನ ಹುಟ್ಟನ್ನು ತಾನೇ ಹೇಳುವುದಿಲ್ಲ. ಹಂದಿಯ ಕೂದಲಿಗೆ ನಡುವೆ ಕಪ್ಪು ಪಟ್ಟೆ ಬಳಿದು ಬ್ಯಾಜರ್ ಎಂಬಂತೆ ತೋರಿಸಿದ್ದೂ ಉಂಟು; ಕುದುರೆಯ ಕೂದಲನ್ನು ಹಾಗೆಯೇ ಮಾರಿದ್ದೂ ಉಂಟು.

ಪ್ರಾಣಿಯದೋ ಅಲ್ಲವೋ ಎಂಬುದನ್ನಾದರೂ ತಿಳಿಯಲು ಮನೆಯಲ್ಲಿಯೇ ಉಪಾಯವಿದೆ. ಉದುರಿದ ಒಂದೆಳೆಯನ್ನು ಉರಿಗೆ ಹಿಡಿದರೆ ಪ್ರಾಣಿಯ ಕೂದಲು ಕಮಟು ವಾಸನೆ ಬಿಟ್ಟು ಬೂದಿಯಾಗಿ ಪುಡಿಯಾಗುತ್ತದೆ. ನೈಲಾನ್ ಕರಗಿ ಗಟ್ಟಿಯಾದ ಹನಿಯಾಗುತ್ತದೆ. ಕಮಟು ವಾಸನೆ ಬಂದಿತೆಂದರೆ ಕೈಯಲ್ಲಿರುವುದು ಒಂದು ಪಂಚೇಂದ್ರಿಯ ಜೀವದ ಮೈಯ ಭಾಗವೆಂದೇ ಅರ್ಥ. ಮುಂದಿನ ವಿಚಾರವೆಲ್ಲ ಅಲ್ಲಿಂದ ಆರಂಭವಾಗಬೇಕು.

ಸತ್ತದ್ದು ಎಂದೋ ಎಂಬ ವಾದ

ಬಳಸುವವರ ಮೊದಲನೆಯ ವಾದ ಇದು: ಆ ಪ್ರಾಣಿ ಸತ್ತು ಅರುವತ್ತು ಎಪ್ಪತ್ತು ವರ್ಷಗಳಾದವು. ಇಂದು ಬ್ರಷ್ಷನ್ನು ಬಳಸಿದರೂ ಅದು ಬದುಕಿ ಬರುವುದಿಲ್ಲ. ಬಳಸದಿದ್ದರೂ ಬದುಕಿ ಬರುವುದಿಲ್ಲ. ಹೊಸತನ್ನು ಕೊಳ್ಳುವುದಕ್ಕಿಂತ ಇದ್ದುದನ್ನೇ ಬಳಸುವುದು ಅಪರಿಗ್ರಹಕ್ಕೆ ಹತ್ತಿರ.

ಈ ವಾದದಲ್ಲಿ ಸತ್ಯಾಂಶವಿದೆ. ಅದನ್ನು ಒಪ್ಪಿಯೇ ಮುಂದುವರಿಯಬೇಕು. ಹಳೆಯ ಬ್ರಷ್ಷನ್ನು ನೀರಿನಲ್ಲಿ ಅದ್ದಿದ ಮಾತ್ರಕ್ಕೆ ಹೊಸದಾಗಿ ಪ್ರಾಣಹರಣವಾಗುವುದಿಲ್ಲ. ಆದರೆ ಜೈನದರ್ಶನ ಹಿಂಸೆಯನ್ನು ಕೊಂದವನ ಕೈಯಲ್ಲಿ ಮಾತ್ರ ಹುಡುಕಿದ ದರ್ಶನವಲ್ಲ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಆಸ್ರವದ ಆಧಾರಗಳ ಲೆಕ್ಕವಿದೆ. ಸಂರಂಭ, ಸಮಾರಂಭ, ಆರಂಭ ಎಂದು ಮೂರು: ಮಾಡಬೇಕೆಂಬ ಸಂಕಲ್ಪ, ಅದಕ್ಕೆ ಸಾಧನಗಳನ್ನು ಕೂಡಿಸುವುದು, ಕೆಲಸಕ್ಕೆ ಕೈಹಚ್ಚುವುದು. ಇವು ಮನಸ್ಸು, ವಚನ, ಕಾಯಗಳಿಂದ ಮೂರು ಮೂರಾಗುತ್ತವೆ. ತಾನೇ ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಮೆಚ್ಚುವುದು ಎಂದು ಮತ್ತೆ ಮೂರಾಗುತ್ತವೆ. ನಾಲ್ಕು ಕಷಾಯಗಳಿಂದ ಗುಣಿಸಲ್ಪಟ್ಟು 108 ಆಗುತ್ತವೆ. ಜಪಮಾಲೆಯ 108 ಮಣಿಗಳಿಗೆ ಹೇಳುವ ಅರ್ಥಗಳಲ್ಲಿ ಇದೂ ಒಂದು. ಬ್ರಷ್ಷಿನ ಮಗ್ಗುಲಲ್ಲಿಯೇ ಬಿದ್ದಿದ್ದ ಜಪಮಾಲೆ ಮೊಮ್ಮಗನ ಕಣ್ಣಿಗೆ ಬಿದ್ದಿದ್ದರೆ ಉತ್ತರ ಅಲ್ಲಿಯೇ ಇತ್ತು.

ಈ ಲೆಕ್ಕದಲ್ಲಿ ಬ್ರಷ್ಷನ್ನು ಇಟ್ಟು ನೋಡಬೇಕು. ಕೊಂದವನು ಬೇರೆ, ಒಪ್ಪೋಣ. ಆದರೆ ಪ್ರತಿದಿನ ಬೆಳಿಗ್ಗೆ ಆ ಕುಚ್ಚಿನ ಮೃದುತ್ವವನ್ನು ಕೆನ್ನೆಯ ಮೇಲೆ ಅನುಭವಿಸಿ, ಆಹಾ ಎಂಥ ಹದ, ಇಂದಿನ ಬ್ರಷ್ಷುಗಳಿಗೆ ಇದು ಎಲ್ಲಿಂದ ಬರಬೇಕು ಎಂದು ಮೆಚ್ಚುವವನು ಏನನ್ನು ಮೆಚ್ಚುತ್ತಿದ್ದಾನೆ? ಆ ಹದ ಆ ಪ್ರಾಣಿಯ ಚರ್ಮದಿಂದಲೇ ಬಂದದ್ದಲ್ಲವೆ? ಅನುಮೋದನೆಗೆ ಕಾಲದ ಮಿತಿಯಿಲ್ಲ. ನೂರು ವರ್ಷ ಹಿಂದಿನ ದಾನವನ್ನು ಇಂದು ಮೆಚ್ಚಿದರೆ ಪುಣ್ಯವೆನ್ನುವ ಸಮಾಜ, ಎಪ್ಪತ್ತು ವರ್ಷ ಹಿಂದಿನ ವಧೆಯ ಫಲವನ್ನು ಇಂದು ಮೆಚ್ಚಿದರೆ ದೋಷವಿಲ್ಲ ಎನ್ನಲಾಗದು.

ಜೀರ್ಣವಾದ ಕುಚ್ಚನ್ನು ಕಿತ್ತು ಹೊಸ ಕುಚ್ಚು ಕೂರಿಸುವ ವಿಷಯದಲ್ಲಂತೂ ಈ ಮೊದಲ ವಾದವೂ ಉಳಿಯುವುದಿಲ್ಲ. ಹಿಡಿ ಹಳೆಯದಾದರೂ ಕೂದಲು ಹೊಸತು; ಹೊಸ ಕೂದಲು ಹೊಸ ಪ್ರಾಣಿಯದು. ಅಲ್ಲಿ ಅನುಮೋದನೆ ಮಾತ್ರವಲ್ಲ, ಹಣ ಕೊಟ್ಟು ಮಾಡಿಸುವ ಕಾರಿತವೂ ಕೂಡಿಕೊಳ್ಳುತ್ತದೆ. ಕೂದಲು ಕೀಳುವ ಬಡವನ ತಲೆಗೆ ಪಾಪವನ್ನೆಲ್ಲ ಕಟ್ಟಿ, ಕೊಳ್ಳುವವನು ಕೈತೊಳೆದುಕೊಳ್ಳುವ ಅವಕಾಶವನ್ನು ಶಾಸ್ತ್ರ ಇಟ್ಟಿಲ್ಲ. ಶ್ವೇತಾಂಬರ ಆಚಾರ್ಯರಾದ 12ನೆಯ ಶತಮಾನದ ಹೇಮಚಂದ್ರರು ಶ್ರಾವಕನು ವರ್ಜಿಸಬೇಕಾದ ಹದಿನೈದು ವ್ಯವಹಾರಗಳನ್ನು ಹೇಳುವಾಗ ದಂತ ಮೊದಲಾದ ಪ್ರಾಣ್ಯಂಗಗಳ ವ್ಯಾಪಾರವನ್ನು ಅದರಲ್ಲಿ ಸೇರಿಸಿದ್ದಾರೆ. ಪಂಥ ಯಾವುದಾದರೂ ಈ ವಿಷಯದಲ್ಲಿ ಶ್ರಾವಕನಿಗೆ ಹೇಳಿದ ಮಾತು ಬೇರೆಯಲ್ಲ.

ಅಜ್ಜ ಬಳಸಲಿಲ್ಲವೇ ಎಂಬ ವಾದ

ಎರಡನೆಯ ವಾದ ಹೃದಯಕ್ಕೆ ತಾಗುವಂಥದು. ನಿತ್ಯ ಜಪ ಮಾಡುತ್ತಿದ್ದ, ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸುತ್ತಿದ್ದ ಅಜ್ಜನೇ ಇದನ್ನು ಬಳಸಿದ್ದರು. ಈಗ ಇದನ್ನು ಹಿಂಸೆಯ ವಸ್ತುವೆಂದರೆ ಅಜ್ಜನನ್ನು ಹಿಂಸಕನೆಂದಂತೆ ಆಗುವುದಿಲ್ಲವೆ?

ಆಗುವುದಿಲ್ಲ. ಅದೇ ಆರನೆಯ ಅಧ್ಯಾಯ, ಭಾವದ ತೀವ್ರತೆ ಮಂದತೆಗಳಿಂದ ಆಸ್ರವ ಬೇರೆಯಾಗುವಂತೆ, ತಿಳಿದು ಮಾಡಿದುದರಿಂದಲೂ ತಿಳಿಯದೆ ಮಾಡಿದುದರಿಂದಲೂ ಅದು ಬೇರೆಯಾಗುತ್ತದೆ ಎಂದು ಹೇಳುತ್ತದೆ. ಅಜ್ಜ ಬಳ್ಳಾರಿಯ ಪೇಟೆಯಲ್ಲಿಯೋ ಹೊಸಪೇಟೆಯಲ್ಲಿಯೋ ಅಂಗಡಿಯವನು ಕೊಟ್ಟದ್ದನ್ನು ಕೊಂಡುತಂದಿರಬಹುದು. ಅದರ ಕೂದಲು ಯಾವುದೆಂದು ಅಂಗಡಿಯವನಿಗೂ ಗೊತ್ತಿರಲಿಕ್ಕಿಲ್ಲ. ಮೊಮ್ಮಗನ ಸ್ಥಿತಿ ಹಾಗಿಲ್ಲ. ಕೂದಲು ಬ್ಯಾಜರಿನದು ಎಂದು ಅರಿತೇ ಅವನು ಸಂಭ್ರಮಿಸುತ್ತಿದ್ದಾನೆ. ಅದಕ್ಕಾಗಿಯೇ ಅದರ ಬೆಲೆಯನ್ನು ವಿಚಾರಿಸುತ್ತಿದ್ದಾನೆ. ಅಜ್ಜನ ಅಜ್ಞಾನವನ್ನು ಮೊಮ್ಮಗ ತನ್ನ ಜ್ಞಾನಕ್ಕೆ ರಕ್ಷೆಯಾಗಿ ಹಿಡಿಯುವಂತಿಲ್ಲ. ಹಿರಿಯರಿಗೆ ಸಲ್ಲುವ ಕ್ಷಮೆ ಆಸ್ತಿಯಂತೆ ಮಕ್ಕಳಿಗೆ ಹರಿದು ಬರುವುದಿಲ್ಲ.

ಅಂದಿನ ಕಾಲದಲ್ಲಿ ಬೇರೆ ದಾರಿಯೇ ಇರಲಿಲ್ಲ ಎಂಬುದೂ ಪೂರ್ತಿ ನಿಜವಲ್ಲ. ಪೇಟೆಯ ಸಾಬೂನುಗಳಲ್ಲಿ ಪ್ರಾಣಿಗಳ ಕೊಬ್ಬು ಸಾಮಾನ್ಯವಾಗಿದ್ದ ದಿನಗಳಲ್ಲಿ, ಸುಮಾರು 1919ರ ಹೊತ್ತಿಗೇ, ಮುಂಬಯಿಯ ಗೋದ್ರೇಜ್ ಸಂಸ್ಥೆ ಸಸ್ಯದ ಎಣ್ಣೆಯಿಂದ ಸಾಬೂನು ತಯಾರಿಸಿ ಮಾರಾಟಕ್ಕೆ ತಂದಿತು. ಹಲ್ಲುಜ್ಜುವ ಬ್ರಷ್ಷುಗಳಲ್ಲಿ ಹಂದಿಯ ಕೂದಲಿನ ಬದಲು ನೈಲಾನ್ ಎಳೆ ಬಂದದ್ದು 1938ರಲ್ಲಿ, ಅಮೆರಿಕದಲ್ಲಿ. ಬೇಡವೆನ್ನುವ ಮನಸ್ಸು ಮೊದಲು ಹುಟ್ಟಿದರೆ ಬೇರೆ ದಾರಿ ಹಿಂದಿನಿಂದ ಬರುತ್ತದೆ. ದಾರಿ ಬರಲೆಂದು ಕಾಯುವ ಮನಸ್ಸಿಗೆ ದಾರಿ ಬಂದರೂ ಕಾಣುವುದಿಲ್ಲ. ಇಂದು ನೈಲಾನ್ ಕುಚ್ಚಿನ ಬ್ರಷ್ಷು ಹಳ್ಳಿಯ ಕಿರಾಣಿ ಅಂಗಡಿಯಲ್ಲಿಯೂ ತೂಗಾಡುತ್ತಿರುವಾಗ ಅನಿವಾರ್ಯವೆಂಬ ಮಾತಿಗೆ ಎಡೆಯೆಲ್ಲಿದೆ?

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗಗಳಿಗೆ ಮಿತಿಯಿಡುವ ವ್ರತವನ್ನು ವಿವರಿಸುವಾಗ ಅಲ್ಪಫಲ ಬಹುವಿಘಾತವೆಂಬ ಅಳತೆಗೋಲು ಬರುತ್ತದೆ: ಫಲ ಸ್ವಲ್ಪ, ಘಾತ ಬಹಳ ಎನಿಸಿದ್ದನ್ನು ಬಿಡಬೇಕು. ಆಹಾರದ ಪ್ರಸಂಗದಲ್ಲಿ ಬಂದ ಈ ಅಳತೆಗೋಲನ್ನು ಬ್ರಷ್ಷಿಗೂ ಹಿಡಿಯಬಹುದು. ಬ್ರಷ್ಷಿನ ಫಲವೇನು? ಸಾಬೂನಿನ ನೊರೆ. ಆ ನೊರೆಯನ್ನು ನೈಲಾನ್ ಎಬ್ಬಿಸುತ್ತದೆ. ಅದೂ ಬೇಡವೆಂದರೆ ಎರಡು ಬೆರಳು ಎಬ್ಬಿಸುತ್ತವೆ. ಬೆರಳಿನಿಂದ ಆಗುವ ಕೆಲಸಕ್ಕೆ ಒಂದು ಪ್ರಾಣಿಯ ಚರ್ಮ ಬೇಕೆನ್ನುವುದಕ್ಕಿಂತ ಅಲ್ಪವಾದ ಫಲ, ಬಹುವಾದ ವಿಘಾತ ಬೇರೆ ಯಾವುದು?

ಜೀರ್ಣೋದ್ಧಾರವೆಂಬ ದೊಡ್ಡ ಮಾತು

ಮೂರನೆಯ ವಾದ ವಿದ್ಯಾವಂತರದು. ಹಳೆಯದನ್ನು ಉಳಿಸುವುದು ಜೈನರ ಪರಂಪರೆ. ಹೊಸ ಬಸದಿ ಕಟ್ಟುವುದಕ್ಕಿಂತ ಜೀರ್ಣೋದ್ಧಾರ ಮೇಲೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಹಾಗಿರುವಾಗ ಹಳೆಯ ವಸ್ತುವನ್ನು ದುರಸ್ತಿ ಮಾಡಿ ಬಳಸುವುದು ತಪ್ಪು ಹೇಗೆ?

ಜೀರ್ಣೋದ್ಧಾರದ ಅರ್ಥವನ್ನು ಕಾಣಲು ಈ ಸೀಮೆಯವರು ದೂರ ಹೋಗಬೇಕಾಗಿಲ್ಲ. ಕೋಗಳಿಯ ಪ್ರಾಚೀನ ಬಸದಿಯನ್ನು ಗಂಗದೊರೆ ದುರ್ವಿನೀತನು ಕಟ್ಟಿಸಿದನೆಂದು ಅಲ್ಲಿಯ 1055ರ ಶಾಸನ ಹೇಳುತ್ತದೆ. ದುರ್ವಿನೀತನಿಗೂ ಆ ಶಾಸನಕ್ಕೂ ನಡುವೆ ಸುಮಾರು ಐದು ಶತಮಾನಗಳ ಅಂತರ. ಅಷ್ಟು ಕಾಲವಾದ ಮೇಲೂ ಆ ಬಸದಿಗೆ ದಾನ ನಡೆದಿದೆ. ಮುಂದೆ 13ನೆಯ ಶತಮಾನದಲ್ಲಿಯೂ ಅಲ್ಲಿಯ ಪಾರ್ಶ್ವನಾಥನ ಅಭಿಷೇಕಕ್ಕೆ ಭಕ್ತರು ಕೊಟ್ಟ ದಾನ ಶಾಸನಗಳಲ್ಲಿ ದಾಖಲಾಗಿದೆ. ಹಿಂದಿನವರು ಉಳಿಸಿಕೊಂಡು ಬಂದುದು ಏನನ್ನು? ಕಲ್ಲು ಹಳೆಯದೆಂಬ ಕಾರಣಕ್ಕೆ ಅವರು ದಾನ ಕೊಡಲಿಲ್ಲ. ಆ ಕಲ್ಲಿನಲ್ಲಿ ನಡೆಯುತ್ತಿದ್ದ ಧರ್ಮ ನಿಲ್ಲಬಾರದೆಂದು ಕೊಟ್ಟರು. ಮತ್ತೊಂದು ಗಮನಾರ್ಹ ಸಂಗತಿ: ಕೊಟ್ಟವರಾರು, ಕೊಟ್ಟದ್ದೇನು, ಯಾವ ಕಾರ್ಯಕ್ಕೆ ಎಂಬುದನ್ನು ಅವರು ಎಲ್ಲರೂ ಓದುವಂತೆ ಕಲ್ಲಿನಲ್ಲಿ ಕೊರೆಯಿಸಿದರು. ಹಳೆಯ ಬ್ರಷ್ಷಿಗೆ ಕೂರಿಸುವ ಹೊಸ ಕುಚ್ಚಿನ ಮೂಲವನ್ನು ಹಾಗೆ ಬಹಿರಂಗವಾಗಿ ಬರೆಯಿಸಲು ಯಾವ ಶ್ರಾವಕ ಸಿದ್ಧನಿದ್ದಾನೆ? ಹೇಳಿಕೊಳ್ಳಲು ನಾಚಿಕೆಯಾಗುವ ಮೂಲದಿಂದ ಬಂದುದಕ್ಕೆ ಜೀರ್ಣೋದ್ಧಾರವೆಂಬ ಹೆಸರು ಸಲ್ಲದು. ಅದು ಶೋಕಿಯ ಪುನರುದ್ಧಾರ ಮಾತ್ರ.

ಪಿಂಛಿಯನ್ನು ಅಡ್ಡ ಹಿಡಿಯುವವರು

ಹಾಗಾದರೆ ಮುನಿಗಳ ಕೈಯಲ್ಲಿ ನವಿಲುಗರಿಯ ಪಿಂಛಿ ಇರುವುದಿಲ್ಲವೆ ಎಂದು ಕೆಲವರು ಜಾಣತನದಿಂದ ಕೇಳುತ್ತಾರೆ. ಪಿಂಛಿಯ ಗರಿ ನವಿಲು ತಾನಾಗಿ ಉದುರಿಸಿದ ಗರಿಯಾಗಿರಬೇಕು. ನವಿಲು ವರ್ಷಕ್ಕೊಮ್ಮೆ ಗರಿ ಕಳಚಿ ಹಗುರಾಗಿ ನಡೆದುಹೋಗುತ್ತದೆ. ಉದುರುವುದೆಂದರೇನೆಂದು ಹಗರಿಬೊಮ್ಮನಹಳ್ಳಿ ತಾಲ್ಲೂಕಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಗಿ ಘೋಷಿತವಾಗಿ 2024ರಲ್ಲಿ ರಾಮ್ಸಾರ್ ತಾಣವೆನಿಸಿದ ಅಂಕಸಮುದ್ರದ ಕೆರೆ ಅದೇ ತಾಲ್ಲೂಕಿನಲ್ಲಿದೆ. ಅಲ್ಲಿಯ ಜಾಲಿಮರಗಳ ಬುಡದಲ್ಲಿ ಕೊಕ್ಕರೆಗಳ ಗರಿ ಬಿದ್ದಿರುತ್ತದೆ. ಗರಿ ಬಿಟ್ಟ ಹಕ್ಕಿ ಮೇಲೆ ಗೂಡಿನಲ್ಲಿ ಮರಿಗೆ ಗುಟುಕು ಕೊಡುತ್ತಿರುತ್ತದೆ. ಬಿಟ್ಟುಕೊಟ್ಟದ್ದಕ್ಕೂ ಕಿತ್ತುಕೊಂಡದ್ದಕ್ಕೂ ಇರುವ ಅಂತರ ಇದು. ಹಳೆಯದು, ಹೊಸದು ಎಂಬುದು ಅಹಿಂಸೆಯ ಅಳತೆಯಲ್ಲ. ಬಿಟ್ಟದ್ದೋ ಕಿತ್ತದ್ದೋ ಎಂಬುದೇ ಅಳತೆ. ಪಿಂಛಿಯ ಗರಿಗಾಗಿ ಯಾರಾದರೂ ನವಿಲನ್ನು ಕೊಂದರೆ ಆ ಪಿಂಛಿಯೂ ಇದೇ ಅಳತೆಯಲ್ಲಿ ಸೋಲುತ್ತದೆ.

ಪಿಂಛಿಯನ್ನು ಹೆಸರಿಸುವವರು ಕೇಶಲೋಚವನ್ನು ಏಕೆ ಮರೆಯುತ್ತಾರೆ? ದಿಗಂಬರ ಮುನಿಯ ಇಪ್ಪತ್ತೆಂಟು ಮೂಲಗುಣಗಳಲ್ಲಿ ಅದೂ ಒಂದು. ಕತ್ತಿಯಿಲ್ಲ, ಸಾಬೂನಿಲ್ಲ, ಬ್ರಷ್ಷಿಲ್ಲ. ಮುನಿ ತನ್ನ ತಲೆ ಗಡ್ಡಗಳ ಕೂದಲನ್ನು ತನ್ನ ಕೈಯಿಂದ ತಾನೇ ಕಿತ್ತುಕೊಳ್ಳುತ್ತಾನೆ. ನೋವಿದ್ದರೆ ಅದು ತನ್ನದು. ಅಂಥ ಮುನಿಗೆ ಕೈಮುಗಿದು ಬಂದ ಶ್ರಾವಕ ಮರುದಿನ ಬೆಳಿಗ್ಗೆ ತನ್ನ ಕೆನ್ನೆಯ ಸುಖಕ್ಕಾಗಿ ಬೇರೊಂದು ಜೀವದ ಮೈಯಿಂದ ಕಿತ್ತ ಕೂದಲನ್ನು ಹಿಡಿಯುವುದು ಎಂಥ ವಿಪರ್ಯಾಸ! ಶ್ರಾವಕನಿಂದ ಲೋಚವನ್ನು ಯಾರೂ ಕೇಳುತ್ತಿಲ್ಲ. ತನ್ನ ಸುಖದ ನೋವನ್ನು ಇನ್ನೊಂದರ ಮೈಮೇಲೆ ಹೇರಬೇಡವೆಂದಷ್ಟೇ ಕೇಳುವುದು.

ಮೈಗೂ ಒಳಿತಲ್ಲ

ಧರ್ಮದ ಮಾತಿಗೆ ಬಗ್ಗದವರು ವೈದ್ಯರ ಮಾತನ್ನಾದರೂ ಕೇಳಬಹುದು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ ಮತ್ತು ಅಮೆರಿಕಗಳಲ್ಲಿ ಅಂಥ್ರಾಕ್ಸ್ ರೋಗ ಸೈನಿಕರಲ್ಲಿಯೂ ನಾಗರಿಕರಲ್ಲಿಯೂ ಕಾಣಿಸಿಕೊಂಡಿತು. ಅದು ದನ, ಕುರಿ, ಕುದುರೆಗಳಿಗೆ ತಗಲುವ ಮಾರಕ ರೋಗ. ಹುಡುಕುತ್ತ ಹೋದಾಗ ಮೂಲ ಸಿಕ್ಕಿದ್ದು ಸರಿಯಾಗಿ ಶುದ್ಧಿಗೊಳಿಸದ ಕೂದಲಿನ ಕ್ಷೌರದ ಬ್ರಷ್ಷುಗಳಲ್ಲಿ. ಯುದ್ಧದಿಂದ ಬ್ಯಾಜರ್ ಕೂದಲಿನ ಸರಬರಾಜು ಕಡಿಮೆಯಾಗಿ ಕುದುರೆಯ ಕೂದಲನ್ನು ಆ ರೂಪದಲ್ಲಿ ಬಳಸಿದ್ದರು. 1920ರಲ್ಲಿ ಬ್ರಿಟಿಷ್ ಸರಕಾರ ಜಪಾನಿನ ಕ್ಷೌರದ ಬ್ರಷ್ಷುಗಳ ಆಮದನ್ನೇ ನಿಷೇಧಿಸಿತು. ಈ ರೋಗಾಣುವಿನ ಬೀಜಕಗಳು ಹತ್ತಾರು ವರ್ಷ ಜಡವಾಗಿ ಉಳಿಯಬಲ್ಲವು. ಹಳೆಯ ಬ್ರಷ್ಷುಗಳನ್ನು ಬಳಸುವ ಶೋಕಿ ಮತ್ತೆ ಹಬ್ಬುತ್ತಿರುವುದನ್ನು ಕಂಡು ಅಮೆರಿಕದ ರೋಗನಿಯಂತ್ರಣ ಕೇಂದ್ರದ ಪತ್ರಿಕೆಯಲ್ಲಿ 2017ರಲ್ಲಿ ಈ ಹಳೆಯ ಪ್ರಕರಣಗಳನ್ನು ಮತ್ತೆ ನೆನಪಿಸಲಾಯಿತು. ಇಂದು ರೋಗ ತಗಲುವ ಸಾಧ್ಯತೆ ತೀರ ಕಡಿಮೆಯೇ ಸರಿ. ಆದರೂ ಕತ್ತಿಯ ಗೀರು ಬೀಳುವ ಚರ್ಮಕ್ಕೆ, ಹುಟ್ಟು ತಿಳಿಯದ ಕೂದಲನ್ನು ತಿಕ್ಕಿಕೊಳ್ಳುವುದು ವಿವೇಕವಲ್ಲ.

ಹಿಟ್ಟಿನ ಕೋಳಿಯ ಪಾಠ

ಇನ್ನು ಕೆಲವರು ಸುಲಭವಾದ ದಾರಿ ಹಿಡಿಯುತ್ತಾರೆ. ಹಿಡಿ ಅಜ್ಜನದೇ ಇರಲಿ. ಕುಚ್ಚು ಮಾತ್ರ ನೈಲಾನಿನದು ಹಾಕಿಸೋಣ. ಆದರೆ ಅದಕ್ಕೆ ಕಪ್ಪು ಪಟ್ಟೆ, ಬಿಳಿಯ ತುದಿ ಇರಬೇಕು. ನೋಡಿದವರು ಬ್ಯಾಜರಿನದೆಂದೇ ತಿಳಿಯಬೇಕು. ಇಂಥ ಕುಚ್ಚುಗಳು ಪೇಟೆಯಲ್ಲಿ ಸಿಗುತ್ತವೆ.

ಕನ್ನಡದ ಜೈನರಿಗೆ ಈ ಪ್ರಸಂಗದಲ್ಲಿ ಜನ್ನನ ಯಶೋಧರ ಚರಿತೆ ನೆನಪಾಗಬೇಕು. 1209ರ ಆ ಕಾವ್ಯದಲ್ಲಿ ಯಶೋಧರ ಕೊಂದದ್ದು ಜೀವವಿದ್ದ ಕೋಳಿಯನ್ನಲ್ಲ. ಬಲಿ ಬೇಡವೆಂದು ಅವನು ತಾಯಿಗೆ ಹೇಳಿದವನೇ; ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಗೆ ಒಪ್ಪಿದನು. ಹಿಟ್ಟಿಗೆ ನೋವಿಲ್ಲ. ಆದರೂ ಕತ್ತಿಯನ್ನು ಎತ್ತುವಾಗ ಮನಸ್ಸು ಕೋಳಿಯನ್ನೇ ಕೊಂದಿತು. ಆ ಸಂಕಲ್ಪ ತಾಯಿ ಮಗನನ್ನು ಜನ್ಮಜನ್ಮಗಳ ಪಶುಯೋನಿಗೆ ಎಳೆಯಿತು. ನೈಲಾನ್ ಬ್ರಷ್ಷನ್ನು ಬಳಸುವುದೇ ಪಾಪವೆಂದು ಇದರ ಅರ್ಥವಲ್ಲ. ನೊರೆಗಾಗಿ ನೈಲಾನನ್ನು ಹಿಡಿದವನಿಗೆ ದೋಷವಿಲ್ಲ. ಆದರೆ ಪ್ರಾಣಿಯದೆಂದು ಇತರರು ಭ್ರಮಿಸಬೇಕು, ತಾನೂ ಭ್ರಮಿಸಬೇಕು ಎಂದು ಅದಕ್ಕೆ ಬಣ್ಣ ಬಳಿಯಿಸುವವನ ಮನಸ್ಸು ಇನ್ನೂ ಆ ಚರ್ಮವನ್ನು ಬಿಟ್ಟಿಲ್ಲ. ಹಿಟ್ಟಿನ ಕೋಳಿಯಷ್ಟು ಘೋರವಲ್ಲ ನಿಜ. ಆದರೆ ಮುಖ ತಿರುಗಿರುವ ದಿಕ್ಕು ಅದೇ. ಕೈ ಬಿಟ್ಟದ್ದನ್ನು ಮನಸ್ಸೂ ಬಿಟ್ಟಾಗಲೇ ತ್ಯಾಗ.

ಮೂಗು ಮುರಿಯುವವರಿಗೆ

ಇಷ್ಟು ಹೇಳಿದ ಮೇಲೆ ಎಸೆದು ಬಾ ಎಂದ ತಾಯಿಯ ಪಕ್ಷವೂ ವಿಚಾರಕ್ಕೆ ಬರಬೇಕು. ಆಕೆಯ ತೀರ್ಪು ಸರಿಯಿರಬಹುದು, ಆದರೆ ಅದರ ಕಾರಣ ಸಾಲದು. ಅಸಹ್ಯವೇ ಅಹಿಂಸೆಯಲ್ಲ. ಹಂದಿಯ ಕೂದಲೆಂದರೆ ಮೈಲಿಗೆಯೆಂದು ಸ್ನಾನ ಮಾಡುವವರು ರೇಷ್ಮೆಯ ಮಡಿಯುಟ್ಟು ಪೂಜೆಗೆ ನಿಲ್ಲುವುದುಂಟು. ಆ ಮಡಿಯ ನೂಲಿಗಾಗಿ ಬಿಸಿನೀರಿನಲ್ಲಿ ಬೆಂದ ಹುಳುಗಳ ಲೆಕ್ಕ ಸಾವಿರಗಳಲ್ಲಿದೆ, ಅವೂ ತ್ರಸಜೀವಗಳೇ. ಹಂದಿ ಹೇಸಿಗೆಯೆಂದು ದೂರವಿಟ್ಟರೆ ಅದು ಶುಚಿತ್ವದ ಅಭಿಮಾನ. ಹಂದಿಗೆ ನೋವಾಗುತ್ತದೆಂದು ಬಿಟ್ಟರೆ ಮಾತ್ರ ಅಹಿಂಸೆ. ಈ ಭೇದ ಮನೆಯಲ್ಲಿ ಸ್ಪಷ್ಟವಾಗದಿದ್ದರೆ ಮಕ್ಕಳು ಧರ್ಮವನ್ನು ಬರಿಯ ಮಡಿಮ್ಯೆಲಿಗೆಯೆಂದು ತಿಳಿದು ಒಂದು ದಿನ ಅದನ್ನೂ ಟ್ರಂಕಿಗೆ ಹಾಕುತ್ತಾರೆ.

ಬಸದಿಯ ಚಾಮರ

ಈ ಪ್ರಶ್ನೆ ಬಚ್ಚಲುಮನೆಯಲ್ಲಿ ಮುಗಿಯುವುದಿಲ್ಲ; ಬಸದಿಯ ಉಗ್ರಾಣಕ್ಕೂ ಬರುತ್ತದೆ. ಅಷ್ಟಪ್ರಾತಿಹಾರ್ಯಗಳಲ್ಲಿ ಚಾಮರವೂ ಒಂದು. ಹಳೆಯ ಬಸದಿಗಳಲ್ಲಿ ಬೆಳ್ಳಿಯ ಹಿಡಿಯ ಚಾಮರಗಳಿವೆ. ಅವುಗಳ ಕುಚ್ಚು ಚಮರೀಮೃಗದ ಬಾಲ. ಅದು ತಾನಾಗಿ ಸತ್ತ ಚಮರಿಯದೋ ಕೊಂದ ಚಮರಿಯದೋ ಎಂದು ಮಾರುವವನು ಹೇಳಲಾರ. ಕುಚ್ಚು ಜೀರ್ಣವಾದಾಗ ಮತ್ತೆ ಚಮರಿಯ ಬಾಲವನ್ನೇ ತರಿಸಿ ಕಟ್ಟಿಸುವ ಟ್ರಸ್ಟುಗಳು, ಅಹಿಂಸಾ ಪರಮೋ ಧರ್ಮಃ ಎಂಬ ಫಲಕವನ್ನು ಹೆಬ್ಬಾಗಿಲಿಗೆ ಹಾಕಿಸುವ ಮೊದಲು ಒಮ್ಮೆ ಯೋಚಿಸಬೇಕು. ತನ್ನನ್ನು ಬೀಸಲೆಂದು ಒಂದು ಪ್ರಾಣಿಯ ಬಾಲವನ್ನು ತರಲು ವೀತರಾಗನಾದ ಜಿನನು ಹೇಳಲಿಲ್ಲ. ಬಿಳಿಯ ನೂಲಿನ ಚಾಮರವೂ ನೈಲಾನಿನ ಚಾಮರವೂ ಸೇವೆಗೆ ಒದಗುತ್ತವೆ. ಅನೇಕರು ಅವನ್ನೇ ಬಳಸುತ್ತಿದ್ದಾರೆ.

ಮನೆಗಳಲ್ಲಿ ಬೇಡವಾದ ದಂತದ, ಕೊಂಬಿನ, ಪ್ರಾಣಿಗಳ ಕೂದಲಿನ ವಸ್ತುಗಳನ್ನು ಪುಣ್ಯವೆಂದು ಬಸದಿಗೆ ತಂದುಕೊಡುವವರೂ ಇದ್ದಾರೆ. ಟ್ರಸ್ಟುಗಳು ಅದನ್ನು ವಿನಯದಿಂದ ನಿರಾಕರಿಸಬೇಕು. ದಂತದ ವಿಷಯದಲ್ಲಿ ಕಾನೂನೂ ಕಠಿಣವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 1986ರಲ್ಲಿ ಆದ ತಿದ್ದುಪಡಿಯಿಂದ ಭಾರತದ ಆನೆಯ ದಂತದ ವ್ಯಾಪಾರವೂ, 1991ರ ತಿದ್ದುಪಡಿಯಿಂದ ಆಫ್ರಿಕದ ದಂತದ ವ್ಯಾಪಾರವೂ ನಿಂತವು. ಬ್ರಷ್ಷಿನ ಹಿಡಿಯಾಗಲಿ ಚಾಮರದ ಹಿಡಿಯಾಗಲಿ ದಂತದ್ದೆಂದು ಕಂಡುಬಂದರೆ ಅದನ್ನು ಮಾರುವ ಯೋಚನೆಯನ್ನೇ ಬಿಟ್ಟು ಅರಣ್ಯ ಇಲಾಖೆಯನ್ನು ವಿಚಾರಿಸುವುದು ಕ್ಷೇಮ.

ಮಾಡಬೇಕಾದುದು

ಅಜ್ಜನ ಬ್ರಷ್ಷಿಗೆ ಉಳಿಯುವ ದಾರಿ ಸರಳ. ಪ್ರಾಣಿಯ ಕೂದಲಿನ ಕುಚ್ಚನ್ನು ಬಳಸಬಾರದು. ಅಂಥದೇ ಹೊಸ ಕುಚ್ಚನ್ನು ಕಟ್ಟಿಸಬಾರದು. ಬೆಲೆ ಬರುತ್ತದೆಂದು ಮಾರಲೂಬಾರದು. ಮಾರಿದರೆ ತಾನು ಬಿಟ್ಟ ಭೋಗವನ್ನು ಇನ್ನೊಬ್ಬನ ಕೈಗೆ ಕೊಟ್ಟು ಹಣ ಎಣಿಸಿದಂತಾಗುತ್ತದೆ. ಕುಚ್ಚನ್ನು ಬೇರ್ಪಡಿಸಿ ಮಣ್ಣಿಗೆ ಸೇರಿಸುವುದು ಉಚಿತ; ಆ ಜೀವಕ್ಕೆ ಇನ್ನಾದರೂ ಅಷ್ಟು ಗೌರವ ಸಲ್ಲಲಿ. ಹಿಡಿ ಮರದ್ದೋ ಹಿತ್ತಾಳೆಯದೋ ಆಗಿದ್ದು, ಅಜ್ಜನ ನೆನಪಿಗೆ ಬೇಕೆನಿಸಿದರೆ ಇಟ್ಟುಕೊಳ್ಳಬಹುದು. ಬಳಸಲೇಬೇಕೆನಿಸಿದರೆ ಅಲಂಕಾರವಿಲ್ಲದ ನೈಲಾನ್ ಕುಚ್ಚನ್ನು ಕೂರಿಸಬಹುದು. ಆದರೆ ನೆನಪಿನ ಹೆಸರಿನಲ್ಲಿ ಬಂದ ವಸ್ತು ಬಂದವರಿಗೆಲ್ಲ ತೋರಿಸಿ ಮೆರೆಯುವ ವಸ್ತುವಾಗತೊಡಗಿತೆಂದರೆ ಪರಿಗ್ರಹ ಹಿಂಬಾಗಿಲಿನಿಂದ ಒಳಗೆ ಬಂದಿತೆಂದೇ ತಿಳಿಯಬೇಕು.

ಅಜ್ಜನ ಟ್ರಂಕಿನಲ್ಲಿ ಜೀರ್ಣೋದ್ಧಾರಕ್ಕೆ ಯೋಗ್ಯವಾದ ವಸ್ತು ಇಲ್ಲವೆಂದಲ್ಲ. ಆ ಜಪಮಾಲೆಯ ದಾರ ಜೀರ್ಣವಾಗಿದೆ, ಮಣಿಗಳು ಗಟ್ಟಿಯಾಗಿವೆ. ಹೊಸ ಹತ್ತಿಯ ದಾರ ತಂದು, ಎಣಿಸಿ, 108 ಮಣಿಗಳನ್ನು ಪೋಣಿಸಲು ಮೊಮ್ಮಗನಿಗೆ ಒಂದು ಸಂಜೆ ಸಾಕು. ಅಜ್ಜನ ಕೈಯಾಡಿದ ವಸ್ತು ಅದೂ ಹೌದು. ಪೋಣಿಸುವಾಗ ಒಂದೊಂದು ಮಣಿಗೂ ಸಂಕಲ್ಪಿಸಿದ್ದೆಷ್ಟು, ಮಾಡಿಸಿದ್ದೆಷ್ಟು, ಮೆಚ್ಚಿದ್ದೆಷ್ಟು ಎಂದು ಕೇಳಿಕೊಂಡರೆ, ಬ್ರಷ್ಷಿನ ವಿಷಯದಲ್ಲಿ ಇನ್ನೊಬ್ಬರ ತೀರ್ಪು ಅವನಿಗೆ ಬೇಕಾಗುವುದಿಲ್ಲ.